ಕಾರಿನ ರೇಟು ಏರಿದ್ದು ಖರೆ, ಏರಿದ ರೊಕ್ಕ ಎಲ್ಲಿ ಹೋತು?

ನಾನು ಗಂಗಾವತಿಯಾಗ ಗ್ಯಾರೇಜಿಗೆ ಸೇರಿದ್ದು 1989ರಾಗ, ಎಸ್ಸೆಸ್ಸೆಲ್ಸಿ ಮುಗಿಸಿ. ಅವಾಗ ನಮ್ಮ ಉಸ್ತಾದ್ರ ಹತ್ರ ಬರ್ತಿದ್ದ ಕಾರು ಎರಡೇ ಜಾತಿ, ಅಂಬಾಸಿಡರ್ ಮತ್ತ ಫಿಯೆಟ್. ರೈಸ್ ಮಿಲ್ ಸಾವ್ಕಾರ್ರದು, ಡಾಕ್ಟರ್ದು, ಸರ್ಕಾರಿ ಸಾಹೇಬ್ರದು, ಅಷ್ಟ. ಅಪರೂಪಕ್ಕ ಒಂದು ಮಾರುತಿ 800 ಬಂದ್ರ ಬಾಜೂ ಅಂಗಡಿಯವರೂ ಕೆಲಸ ಬಿಟ್ಟು ಬಂದು ನೋಡ್ತಿದ್ರು. ಅಲ್ಲಿಂದ ಇಲ್ಲೀತನಕ ನನಗ ಜನ ಕೇಳಿದ ಪ್ರಶ್ನೆದಾಗ ಅತಿ ಹೆಚ್ಚು ಕೇಳಿದ್ದು ಯಾವುದಂದ್ರ, "ಏನ್ ಉಸ್ತಾದ್, ಕಾರಿನ ರೇಟು ಹಿಂಗ್ಯಾಕ ಏರ್ಯಾವು, ಅವಾಗ ಐವತ್ತು ಸಾವಿರಕ್ಕ ಕಾರು ಬರ್ತಿತ್ತಲ್ಲ" ಅನ್ನೋದು. ಇವತ್ತು ಅದನ್ನ ಸಮಾಧಾನದಾಗ ಕುಂತು ಲೆಕ್ಕ ಮಾಡೋಣು.

ಐವತ್ತು ಸಾವಿರದ ಮಾತು ಖರೆನ ಐತಿ. 1983ರ ಡಿಸೆಂಬರ್ 14ಕ್ಕ ಮೊದಲ್ನೇ ಮಾರುತಿ 800 ಕೀಲಿಕೈನ ಇಂದಿರಾ ಗಾಂಧಿ ಕೊಟ್ರು, ಅದರ ರೇಟು 47,500 ರೂಪಾಯಿ. ಆದ್ರ ಆ 47,500 ಅಂದ್ರ ಎಷ್ಟು ಅನ್ನೋದನ್ನ ನಮ್ಮ ಕಡೆ ರೂಪಾಯಿದಾಗ ಅಳದ್ರ ತಿಳಿಯಂಗಿಲ್ರಿ, ನೆಲ್ಲಿನಾಗ ಅಳೀಬೇಕು. ಆ ವರ್ಷ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 132 ರೂಪಾಯಿ. ಅಂದ್ರ ಒಂದು ಮಾರುತಿಗೆ 360 ಕ್ವಿಂಟಲ್. ನಮ್ಮ ಚೀಲ 75 ಕೆಜಿದು, ಹಂಗ ಹಿಡದ್ರ 480 ಚೀಲ. ಎಕರೆಗೆ 30 ಚೀಲ ಅಂತ ಇಟ್ಕೊಂಡ್ರೂ (ಅವಾಗ ಅಷ್ಟು ಬರ್ತಿರಲಿಲ್ಲ ಅನ್ನೋದು ನಿಮಗೂ ಗೊತ್ತು) 16 ಎಕರೆ ಫಸಲು ಒಂದು ಕಾರಿಗೆ ಹೋಗ್ತಿತ್ತು.

ಈಗ ಬರ್ರಿ ಈ ಕಡೆ. 2025ರ ಸೆಪ್ಟೆಂಬರ್‌ನಾಗ ಜಿಎಸ್‌ಟಿ ಇಳಿಸಿದ ಮ್ಯಾಲ ಆಲ್ಟೋ ಕೆ10 ಬೇಸ್ ಮಾಡೆಲ್ ಶೋರೂಮ್ ರೇಟು 3,69,900 ಆತು. ಆ ಸಾಲಿನ ಭತ್ತದ ಬೆಂಬಲ ಬೆಲೆ 2,369. ಭಾಗಿಸಿ ನೋಡ್ರಿ, 156 ಕ್ವಿಂಟಲ್, 208 ಚೀಲ. ಏಳು ಎಕರೆ ಫಸಲು. ರೂಪಾಯಿದಾಗ ನೋಡಿದ್ರ ರೇಟು ಏಳೆಂಟು ಪಟ್ಟು ಏರೇತಿ, ನೆಲ್ಲಿನಾಗ ನೋಡಿದ್ರ ಅರ್ಧಕ್ಕಿಂತ ಕಮ್ಮಿ ಆಗೇತಿ! ಅದೂ ಆರು ಏರ್‌ಬ್ಯಾಗ್ ಇರೋ ಗಾಡಿ. 83ರ ಮಾರುತಿದಾಗ ಏರ್‌ಬ್ಯಾಗ್ ಅನ್ನೋ ಶಬ್ದನ ಇರಲಿಲ್ಲ.

ಇಲ್ಲಿ ಮುಂದಿನ ಸಾಲಿನಾಗ ಕುಂತ ಹಿರಿಯರು ತಲಿ ಅಲ್ಲಾಡಿಸಿದ್ರು, ನನಗ ಕಾಣ್ತು. ಯಾಕ ಅನ್ನೋದೂ ಗೊತ್ತೈತ್ರಿ. ಇದು ಬರೇ ಮಾರಿದ ರೊಕ್ಕದ ಲೆಕ್ಕ, ಕೈಯಾಗ ಉಳಿಯೋದರ ಲೆಕ್ಕಲ್ಲ. ಗೊಬ್ಬರ, ಬೆಳಿಗೆ ಹೊಡಿಯೋ ಎಣ್ಣಿ, ನಾಟಿ ಹಚ್ಚೋ ಆಳು, ಕೊಯ್ಲು ಮಷೀನ್ ಬಾಡಿಗಿ, ಲೀಸ್ ಜಮೀನಾದ್ರ ಲೀಸು, ಇವೆಲ್ಲ ಅವಾಗಿನಕಿಂತ ಎಷ್ಟೋ ಏರ್ಯಾವು, ಅದಕ್ಕ ರೈತಗ ಕಾರು ಅಗ್ಗ ಆಗೇತಿ ಅಂತ ಅನ್ನಿಸಂಗಿಲ್ಲ, ಅದು ತಪ್ಪೂ ಅಲ್ಲ. ಇನ್ನೊಂದು ವಿಷಯ ಅಂದ್ರ ಇವತ್ತು ನಮ್ಮ ಹುಡುಗ್ರು ಶೋರೂಮಿಗೆ ಹೋಗಿ ಕೇಳೋದು ಆಲ್ಟೋ ಅಲ್ಲ. ಎತ್ತರ ಇರೋ, ಮುಂದ ದೊಡ್ಡ ಪರದೆ ಇರೋ, ಮ್ಯಾಲ ಸನ್‌ರೂಫ್ ಇರೋ ಹತ್ತು ಲಕ್ಷದ ಮ್ಯಾಲಿನ ಗಾಡಿ. 10,40,000ದ ಒಂದು ಗಾಡಿ ತಗೋರಿ, ಅದು 585 ಚೀಲ ಆಗ್ತೈತಿ. ಅಂದ್ರ 83ರ ಮಾರುತಿಗಿಂತ ನೂರು ಚೀಲ ಹೆಚ್ಚು. ಸಣ್ಣ ಕಾರು ಅಗ್ಗ ಆಗೇತಿ, ನಮಗ ಬೇಕಾದ ಕಾರು ತುಟ್ಟಿ ಆಗೇತಿ. ಈ ಎರಡನ್ನೂ ಕಲಸಿ ಮಾತಾಡ್ತೀವಿ ನಾವು, ಅದಕ್ಕ ಲೆಕ್ಕ ಹತ್ತಂಗಿಲ್ಲ.

ಹಳೇ ಗಾಡ್ಯಾಗ ಏನಿತ್ತು ಅನ್ನೋದು ಹುಡುಗ್ರಿಗೆ ಗೊತ್ತಿರಲಿಕ್ಕಿಲ್ಲ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚು, ಐವತ್ತರ ದಶಕದ ಕೊನೀಗೆ ಬಂದಿದ್ದು 2014ರ ತನಕ ತಯಾರಾತು. ಫಿಯೆಟ್ ಮುಂದ ಪ್ರೀಮಿಯರ್ ಪದ್ಮಿನಿ ಅಂತ ಆತು. ಆ ಹಳೇ ಗಾಡ್ಯಾಗ ಗೇರ್ ಸ್ಟಿಯರಿಂಗ್ ಬಾಜೂಕ, ಮುಂದ ಉದ್ದ ಸೀಟು ಒಂದ, ಅದರಾಗ ಮೂರು ಮಂದಿ ಕುಂದ್ರತಿದ್ರು, ನಡುವ ಒಂದು ಸಣ್ಣ ಹುಡುಗನೂ ತೂರ್ತಿತ್ತು. ಸೀಟ್ ಬೆಲ್ಟ್ ಇಲ್ಲ. ಪವರ್ ಸ್ಟಿಯರಿಂಗ್ ಇಲ್ಲ, ಸಂತಿ ದಿನ ಬಜಾರದಾಗ ಅಂಬಾಸಿಡರ್ ತಿರುವಿ ನಿಲ್ಲಿಸಿದ ಡ್ರೈವರ್ ಅಂಗಿ ಬೆವರಿಲೆ ತೊಯ್ತಿತ್ತು. ಎ.ಸಿ. ಇಲ್ಲ. ರಾಯಚೂರು ಬಿಸಲ್ಯಾಗ, ಮೇ ತಿಂಗಳು, 42-43 ಡಿಗ್ರಿ, ಕಿಟಕಿ ತಗದ್ರ ಬಿಸಿಗಾಳಿ ಜತಿ ಧೂಳು, ಮುಚ್ಚಿದ್ರ ಒಲಿ ಒಳಗ ಕುಂತಂಗ. ಹಸಿ ಟವಲ್ ಮುಖಕ್ಕ ಹಾಕ್ಕೊಂಡು ಹೋಗ್ತಿದ್ರು ಜನ. ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆದಾಗ ಎ.ಸಿ. ಅನ್ನೋದು ಶೋಕಿ ಅಂತ ಯಾರಾದ್ರೂ ಅಂದ್ರ ನಾನು ಒಪ್ಪಂಗಿಲ್ರಿ. ಬಾಣಂತಿನ, ವಯಸ್ಸಾದವರನ್ನ ದವಾಖಾನಿಗೆ ಕರ್ಕೊಂಡು ಹೋಗೋ ಗಾಡಿಗೆ ಅದು ಬೇಕ ಬೇಕು.

ಮತ್ತ ಆ ಗಾಡಿ ಬೇಕಂದ ಕೂಡ್ಲೆ ಸಿಗ್ತಿರಲಿಲ್ಲ. ಬುಕ್ ಮಾಡಿ ವರ್ಷಗಟ್ಲೆ ಕಾಯ್ಬೇಕಿತ್ತು, ಯಾಕಂದ್ರ ಕಂಪನಿ ಎಷ್ಟು ಗಾಡಿ ಮಾಡ್ಬೇಕು ಅನ್ನೋದಕ್ಕೂ ಸರ್ಕಾರದ ಲೈಸೆನ್ಸ್. ಕಾರಿಗೆ ಆ ಲೈಸೆನ್ಸ್ ಹೋಗಿದ್ದು 1993ರಾಗ. ಆಮ್ಯಾಲ ನೋಡ್ರಿ, ಸಾಲು ಹಚ್ಚಿ ಬಂದ್ವು, ಝೆನ್, ಸೀಲೋ, ಎಸ್ಕಾರ್ಟ್. 1998ರಾಗಂತೂ ಹೊಂಡಾ ಸಿಟಿ, ಸ್ಯಾಂಟ್ರೋ, ಮಾಟಿಝ್, ವರ್ಷದ ಕೊನೀಗೆ ಟಾಟಾ ಇಂಡಿಕಾ, ಎಲ್ಲಾ ಒಂದ ವರ್ಷದಾಗ. ನಮ್ಮ ಕಡೆ ಅವಾಗ ಇವಕ್ಕಿಂತ ಟಾಟಾ ಸುಮೋ, ಟ್ರ್ಯಾಕ್ಸ್, ಆಮ್ಯಾಲ ಕ್ರೂಸರ್ ಇವದ್ದ ನಡೀತಿತ್ತು, ಎರಿ ಹೊಲದ ದಾರ್ಯಾಗ ಮಳಿ ಬಿದ್ದ ಮ್ಯಾಲ ಕಾರು ಹೋಗೋದು ಎಲ್ಲಿ ಬಂತು. ಕ್ರೂಸರ್ ಈಗ್ಲೂ ನಡದೈತಿ, ಸಿಂಧನೂರು ಬಸ್ ಸ್ಟ್ಯಾಂಡ್ ಹೊರಗ ನಿಂತು ನೋಡ್ರಿ.

ಬಳ್ಳಾರಿ ಮಾತು ಇಲ್ಲಿ ಒಂಚೂರು ಹೇಳ್ಲೇಬೇಕು. 2004ರಿಂದ ಮುಂದ ಅದಿರು ಚೀನಾಕ್ಕ ಹೋಗೋದು ಜೋರಾದಾಗ ಸಂಡೂರು, ಹೊಸಪೇಟೆ, ಬಳ್ಳಾರಿ ರಸ್ತೆದಾಗ ಬೆಂಗಳೂರಿನಾಗೂ ಕಾಣದಂಥ ಗಾಡಿ ನಾನು ನೋಡೀನಿ. ಕೆಂಪು ಧೂಳು ಹೊಕ್ಕು ಅವುಗಳ ಏರ್ ಫಿಲ್ಟರ್ ತಿಂಗಳಿಗೊಮ್ಮೆ ಬದಲಿ. 2011ರ ಜುಲೈದಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ತು, ಆಮ್ಯಾಲ ಅಂಥ ಗಾಡಿ ಅರ್ಧ ರೇಟಿಗೆ ಕೊಡ್ತೀವಿ, ಗಿರಾಕಿ ತೋರ್ಸು ಅಂತ ನನ್ನ ಗ್ಯಾರೇಜಿನ ತನಕ ಬಂದ್ರು. ತಗೊಂಡವರು ಒಂದು ಬ್ರೇಕ್ ಪ್ಯಾಡ್ ರೇಟು ಕೇಳಿ ಗಾಬರಿ ಆದ್ರು. ಗಾಡಿ ರೇಟು ಇಳೀತೈತಿ, ಸ್ಪೇರ್ ಪಾರ್ಟ್ ರೇಟು ಇಳಿಯಂಗಿಲ್ಲ, ಇದನ್ನ ನೆಪ್ಪಿಟ್ಕೊಳ್ರಿ, ಕೊನೀಗೆ ಇದಕ್ಕ ಬರ್ತೀನಿ.

ಏರಿದ ರೊಕ್ಕ ಎಲ್ಲಿ ಹೋತು ಅನ್ನೋದಕ್ಕ ಬರೋಣು. ಒಂದಿಷ್ಟು ಹೊಗಿಗೆ ಹೋತು. ಅಂದ್ರ ಹೊಗಿ ಶುದ್ಧ ಮಾಡೋ ಸಾಮಾನಿಗೆ. ಮೊದ್ಲು ಪೆಟ್ರೋಲಿಗೆ ಗಾಳಿ ಬೆರಸೋ ಕಾರ್ಬೊರೇಟರ್ ಇತ್ತು, ಬಿಚ್ಚಿ ಪೆಟ್ರೋಲಿನಾಗ ತೊಳದು, ಜೆಟ್ ಊದಿ, ಸ್ಕ್ರೂ ತಿರುವಿ ಕಿವಿಯಿಂದ ಟ್ಯೂನ್ ಮಾಡ್ತಿದ್ವಿ. ನಮ್ಮ ಉಸ್ತಾದ್ರು ಬಾನೆಟ್ ಮ್ಯಾಲ ಕೈ ಇಟ್ಟು ಕಣ್ಣು ಮುಚ್ಚಿ ಇಂಜಿನ್ ಸಪ್ಪಳ ಕೇಳಿ "ಎರಡನೇ ಪ್ಲಗ್" ಅಂತಿದ್ರು, ತಗದು ನೋಡಿದ್ರ ಅದ ಇರ್ತಿತ್ತು. 2000ದಾಗ ದೇಶಕ್ಕೆಲ್ಲ ಹೊಗಿ ನಿಯಮ ಬಿಗಿ ಆತು, ಸೀಸ ಇರೋ ಪೆಟ್ರೋಲು ನಿಂತ್ತು, ಮಾರುತಿ 800ಗೂ ಇಂಜೆಕ್ಷನ್ ಬಂತು, ಎಷ್ಟು ಪೆಟ್ರೋಲು ಬಿಡ್ಬೇಕು ಅನ್ನೋದನ್ನ ಕಂಪ್ಯೂಟರ್ ಹೇಳಾಕತ್ತು. ಆಮ್ಯಾಲ ಬಿಎಸ್-3 (ಬಿಎಸ್ ಅಂದ್ರ ಭಾರತ್ ಸ್ಟೇಜ್, ಹೊಗಿ ನಿಯಮದ ಮೆಟ್ಲು), 2017ಕ್ಕ ದೇಶದ ತುಂಬ ಬಿಎಸ್-4, 2020ರ ಏಪ್ರಿಲ್‌ಗೆ ಬಿಎಸ್-5 ದಾಟಿ ನೇರ ಬಿಎಸ್-6. ಪೆಟ್ರೋಲ್ ಡೀಸೆಲಿನಾಗಿನ ಗಂಧಕನ ಹತ್ತು ಲಕ್ಷ ಪಾಲಿಗೆ 50ರಿಂದ 10ಕ್ಕ ಇಳಿಸಿದ್ರು. ಇದಕ್ಕೆಲ್ಲ ಖರ್ಚು ಬಿತ್ತು, ಡೀಸೆಲ್‌ಗೆ ಬಾಳ ಬಿತ್ತು. ಎಷ್ಟಂದ್ರ ದೇಶದಾಗ ಅತಿ ಹೆಚ್ಚು ಕಾರು ಮಾರೋ ಮಾರುತಿ ಆ ಏಪ್ರಿಲ್‌ನಿಂದ ಡೀಸೆಲ್ ಕಾರನ್ನ ಬಿಟ್ಟಬಿಡ್ತು. ಈಗ ಡೀಸೆಲ್ ಗಾಡಿ ತಗೋಳೋರಿಗೆ ಒಂದು ಮಾತು, ಅದರ ಹೊಗಿ ಹೋಗೋ ಪೈಪಿನಾಗ ಮಸಿ ಹಿಡಿಯೋ ಡಿಪಿಎಫ್ ಅಂತ ಫಿಲ್ಟರ್ ಇರ್ತೈತಿ, ಆ ಮಸಿ ಸುಡಬೇಕಂದ್ರ ಗಾಡಿ ಒಂದ ವೇಗದಾಗ ಹದಿನೈದಿಪ್ಪತ್ತು ನಿಮಿಷ ಓಡ್ಬೇಕು. ದಿನಾ ಕಾರಟಗಿಯಾಗ ಮನಿಯಿಂದ ಮಿಲ್ಲಿಗೆ ಎರಡು ಕಿಲೋಮೀಟರ್ ಹೋಗಿ ಬಂದ್ರ ಅದು ಕಟ್ಕೊಂತೈತಿ, ದೀಪ ಹತ್ತತೈತಿ, ಬಿಲ್ಲು ಸಣ್ಣದು ಬರಂಗಿಲ್ಲ. ದಿನಕ್ಕ ಐದಾರು ಕಿಲೋಮೀಟರ್ ಓಡಿಸೋರು ಡೀಸೆಲ್ ತಗೋಬ್ಯಾಡ್ರಿ.

ಇನ್ನೊಂದಿಷ್ಟು ರೊಕ್ಕ ಜೀವ ಉಳಿಸಾಕ ಹೋತು. ಇದರ ಬಗ್ಗೆ ನಾನು ಜಾಸ್ತಿ ಹೊತ್ತು ಮಾತಾಡ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. 2014ರ ಜನವರಿಯಾಗ ಗ್ಲೋಬಲ್ ಎನ್‌ಕ್ಯಾಪ್ ಅನ್ನೋರು ನಮ್ಮ ದೇಶದಾಗ ಬಾಳ ಮಾರಾಟ ಆಗ್ತಿದ್ದ ಐದು ಗಾಡಿನ, ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್ ತಗೊಂಡು ಗೋಡಿಗೆ ಗುದ್ದಿಸಿದಂಗ ಗುದ್ದಿಸಿ ನೋಡಿದ್ರು. ಆಲ್ಟೋ 800, ನ್ಯಾನೋ, ಐ10, ಫಿಗೊ, ಪೋಲೊ. ಐದಕ್ಕೂ ಸೊನ್ನಿ ಸ್ಟಾರ್. ಅದರಾಗ ಪೋಲೊಗೆ ಏರ್‌ಬ್ಯಾಗ್ ಹಾಕಿ ಮತ್ತ ಗುದ್ದಿಸಿದ್ರ ನಾಲ್ಕು ಸ್ಟಾರ್ ಬಂತು. ಅದ ಗಾಡಿ, ಅದ ಕಬ್ಬಿಣ! ನನಗ ಆ ಸುದ್ದಿ ಓದಿ ನಿದ್ದಿ ಬರಲಿಲ್ಲ, ಯಾಕಂದ್ರ ಅಂಥಾವನ್ನ ತಗೋರಿ ಅಂತ ನಾನ ಎಷ್ಟೋ ಮಂದಿಗೆ ಹೇಳಿದ್ದೆ.

2016ರಾಗ ನಮ್ಮ ಕಡೆ ಒಬ್ರು ಮೇಷ್ಟ್ರು ಎರಡು ಕೊಟೇಶನ್ ಹಿಡ್ಕೊಂಡು ಬಂದ್ರು. ಎರಡೂ ಒಂದ ಗಾಡಿ, ರೇಟೂ ಹೆಚ್ಚು ಕಮ್ಮಿ ಒಂದ. ಒಂದರಾಗ ಎರಡು ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕಾಗದಂಗ ನೋಡ್ಕೊಳ್ಳೋದು), ಆದ್ರ ಸಾದಾ ಚಕ್ರ, ಟೇಪ್ ಸುದ್ದಾ ಇಲ್ಲ. ಇನ್ನೊಂದರಾಗ ಅಲಾಯ್ ವೀಲ್, ಟಚ್ ಸ್ಕ್ರೀನ್, ಹಿಂದ ಕ್ಯಾಮೆರಾ, ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಸರ್, ಮೊದಲ್ನೇದ್ದು ತಗೋರಿ ಅಂದೆ. ಮನ್ಯಾಗ ಮಕ್ಕಳು ಸ್ಕ್ರೀನ್ ಕೇಳಾಕತ್ಯಾರ ಅಂದ್ರು. ಎರಡನೇದು ತಗೊಂಡ್ರು. ಮುಂದಿನ ವರ್ಷ ಸುಗ್ಗ್ಯಾಗ, ರಸ್ತೆ ಮ್ಯಾಲ ನೆಲ್ಲು ಹುಲ್ಲು ಬಿದ್ದಿತ್ತು, ಮ್ಯಾಲ ಮಳಿ ಜಿನುಗಿತ್ತು, ಮುಂದ ಎಮ್ಮಿ ಬಂತು ಅಂತ ಬ್ರೇಕ್ ಒತ್ಯಾರ, ನಾಲ್ಕೂ ಚಕ್ರ ಲಾಕಾಗಿ ಗಾಡಿ ಜಾರಿ ಹೋಗಿ ಕಾಲುವಿ ಕಟ್ಟಿಗೆ ಹೊಡೀತು. ಎದಿ ಸ್ಟಿಯರಿಂಗಿಗೆ ಬಡದು ಮೂರು ಎಲುಬು ಮುರದ್ವು, ಜೀವ ಉಳೀತು. ಆ ಗಾಡಿನ ಎಳದು ತಂದಿದ್ದು ನನ್ನ ಗ್ಯಾರೇಜಿಗೆ. ಸ್ಕ್ರೀನ್ ಒಡದಿರಲಿಲ್ಲ. ಅವತ್ತು ನಾನು ಇನ್ನೊಂದು ಮಾತು ಜೋರಾಗಿ ಹೇಳ್ಬೇಕಿತ್ತು ಅನ್ನೋದು ಇವತ್ತಿಗೂ ಮನಸ್ಸಿನಾಗ ಐತಿ.

ಎಬಿಎಸ್ ಮಾಡೋದು ಇಷ್ಟ. ಪ್ರತಿ ಚಕ್ರದ ಹತ್ರ ಒಂದು ಸೆನ್ಸರ್ ಇರ್ತೈತಿ, ಬ್ರೇಕ್ ಒತ್ತಿದಾಗ ಯಾವ ಚಕ್ರ ತಿರುಗೋದು ನಿಂತು ಜಾರಾಕತ್ತೈತಿ ಅಂತ ನೋಡ್ತೈತಿ, ಅದಕ್ಕಷ್ಟ ಬ್ರೇಕ್ ಬಿಟ್ಟು ಹಿಡದು ಬಿಟ್ಟು ಹಿಡದು ಮಾಡ್ತೈತಿ, ಒಂದು ಸೆಕೆಂಡಿನಾಗ ಎಷ್ಟೋ ಸರ್ತಿ. ಚಕ್ರ ತಿರುಗ್ತಿದ್ರ ಸ್ಟಿಯರಿಂಗ್ ಮಾತು ಕೇಳ್ತೈತಿ, ಎಮ್ಮಿ ಬಾಜೂಕ ಗಾಡಿ ತಿರುವಬಹುದು. ಕಾಲಾಗ ಪೆಡಲ್ ಗಡಗಡ ಅಂತೈತಿ, ಹೊಸಬ್ರು ಹೆದರಿ ಕಾಲು ತಗೀತಾರ, ತಗೀಬ್ಯಾಡ್ರಿ, ಒತ್ತಿ ಹಿಡೀರಿ. ಏರ್‌ಬ್ಯಾಗ್‌ಗೆ ಸೀಟ್ ಬೆಲ್ಟ್ ಜೋಡಿ ಇರಲೇಬೇಕು, ಬೆಲ್ಟ್ ಇಲ್ಲದೆ ಮುಂದ ಹಾರಿದ ಮನಶಾಗ ಆ ಚೀಲನ ಗುದ್ದಿದಂಗಾಗ್ತೈತಿ, ಅದು ಬಿಚ್ಚಿಕೊಳ್ಳೋದು ಕಣ್ಣು ಮಿಟುಕಿಸೋಕಿಂತ ಬ್ಯಾಗ.

ಇವನ್ನೆಲ್ಲ ಕಂಪನಿಯವರು ಟಾಪ್ ಮಾಡೆಲ್‌ಗೆ ಮಾತ್ರ ಇಟ್ಕೊಂಡಿದ್ರು, ಬಡವನ ಗಾಡಿಗೆ ಬಂದಿದ್ದು ಕಾನೂನಿನಿಂದ. 2019ರ ಏಪ್ರಿಲ್‌ಗೆ ಎಬಿಎಸ್ ಕಡ್ಡಾಯ, ಜುಲೈಗೆ ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಹಾಕ್ಲಿಲ್ಲಂದ್ರ ಕೂಗೋದು, 80 ದಾಟಿದ್ರ ಕೂಗೋದು, ಹಿಂದ ರಿವರ್ಸ್ ಸೆನ್ಸರ್. ಬಾಜೂ ಸೀಟಿನ ಏರ್‌ಬ್ಯಾಗ್ ಎಲ್ಲಾ ಗಾಡಿಗೂ 2022ರಿಂದ. ನಡುವ 2018ರಾಗ ಟಾಟಾ ನೆಕ್ಸಾನ್‌ಗೆ ಐದು ಸ್ಟಾರ್ ಬಂತು, ನಮ್ಮ ದೇಶದಾಗ ತಯಾರಾಗಿ ಇಲ್ಲೇ ಮಾರೋ ಗಾಡಿಗೆ ಗ್ಲೋಬಲ್ ಎನ್‌ಕ್ಯಾಪ್‌ನಾಗ ಅದು ಮೊದಲ್ನೇ ಸಲ, ಆಮ್ಯಾಲಿಂದ ಜನ ಶೋರೂಮಿನಾಗ ಸ್ಟಾರ್ ಎಷ್ಟು ಅಂತ ಕೇಳಾಕ ಶುರು ಮಾಡಿದ್ರು. 2023ರ ಅಕ್ಟೋಬರ್‌ನಿಂದ ನಮ್ಮದ ಭಾರತ್ ಎನ್‌ಕ್ಯಾಪ್ ಐತಿ. ರೇಟು ಏರಿದ್ದರಾಗ ಈ ಭಾಗಕ್ಕ ನಾನು ಒಂದು ರೂಪಾಯಿನೂ ಬೈಯಂಗಿಲ್ಲ.

ನ್ಯಾನೋ ಮಾತು ಬಂತು, ಅದಕ್ಕೊಂದು ನಿಮಿಷ. 2009ರಾಗ ಒಂದು ಲಕ್ಷ ರೂಪಾಯಿ, ಫ್ಯಾಕ್ಟರಿ ರೇಟು. ಭತ್ತ ಬೋನಸ್ ಸೇರಿ 900 ಇತ್ತು, ಅಂದ್ರ 148 ಚೀಲಕ್ಕ ಕಾರು. ನೆಲ್ಲಿನಾಗ ಅಳದ್ರ ಇದಕ್ಕಿಂತ ಅಗ್ಗದ ಹೊಸಾ ಕಾರು ನಾನು ನೋಡಿಲ್ಲ. ರೊಕ್ಕ ಉಳಿಸಾಕ ಒಂದ ವೈಪರ್, ಚಕ್ರಕ್ಕ ಮೂರ ನಟ್, ಡ್ರೈವರ್ ಕಡೆ ಒಂದ ಕನ್ನಡಿ, ಹಿಂದಿನ ಡಿಕ್ಕಿ ಹೊರಗಿಂದ ತಗಿಯಾಕ ಬರಂಗಿಲ್ಲ. ಸ್ಕೂಟರ್ ಮ್ಯಾಲ ಮಳ್ಯಾಗ ಹೋಗೋ ಸಂಸಾರ ನೋಡಿ ರತನ್ ಟಾಟಾ ಮಾಡಿಸಿದ ಗಾಡಿ, ಮನಸ್ಸು ದೊಡ್ಡದಿತ್ತು. ನಡೀಲಿಲ್ಲ, 2018ಕ್ಕ ನಿಂತ್ತು. ನಮ್ಮೂರಾಗ ತಗೊಂಡವರು ಮದುವಿಗೆ ಅದನ್ನ ತರಾಕ ನಾಚ್ತಿದ್ರು, ಅದನ್ನ ಕಣ್ಣಾರೆ ನೋಡೀನಿ. ಅಗ್ಗದ ಗಾಡಿ ಅಂತ ಹೆಸರು ಬಿದ್ದ ಮ್ಯಾಲ ನಮ್ಮ ಜನ ಹತ್ತಂಗಿಲ್ಲ.

ಇನ್ನು ಟ್ಯಾಕ್ಸ್. 2006ರ ಬಜೆಟ್‌ನಾಗ ನಾಲ್ಕು ಮೀಟರ್ ಒಳಗಿನ ಸಣ್ಣ ಗಾಡಿಗೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟ್‌ಗೆ ಇಳಿಸಿದ್ರು, ಪೆಟ್ರೋಲಾದ್ರ 1200 ಸಿಸಿ ಒಳಗ, ಡೀಸೆಲಾದ್ರ 1500. ಅಲ್ಲಿಂದನ ಗಾಡಿ ಡಿಕ್ಕಿ ಕುಯ್ಯೋದು ಶುರುವಾತು, ಇಂಡಿಗೊ ಸಿಎಸ್ ಬಂತು, 2012ರಾಗ ಡಿಝೈರ್ ಬಾಲ ಮೋಟಾತು. ಈಗ ಜಿಎಸ್‌ಟಿದಾಗೂ ಅದ ಅಳತಿ, ಆ ಅಳತಿ ಒಳಗಿದ್ರ 18, ದಾಟಿದ್ರ 40. ಇದು ದೇಶಕ್ಕೆಲ್ಲ ಒಂದ ಇರೋ ಟ್ಯಾಕ್ಸ್. ನಮ್ಮ ರಾಜ್ಯದ್ದು ಆರ್‌ಟಿಓದಾಗ ಕಟ್ಟೋದು ಬೇರೆ, ಐದರಿಂದ ಹತ್ತು ಲಕ್ಷದ ಗಾಡಿಗೆ 14 ಪರ್ಸೆಂಟ್, ಹತ್ತು ದಾಟಿ ಇಪ್ಪತ್ತರ ತನಕ 17, ಮ್ಯಾಲ ಆ ಟ್ಯಾಕ್ಸಿನ ಮ್ಯಾಲ 11 ಪರ್ಸೆಂಟ್ ಸೆಸ್. ಇಲ್ಲಿ ಒಂದು ಲೆಕ್ಕ ಬರ್ಕೊಳ್ರಿ. 9,90,000ದ ಗಾಡಿಗೆ ಟ್ಯಾಕ್ಸು ಸೆಸ್ಸು ಸೇರಿ 1,53,846. ಸನ್‌ರೂಫ್ ಇರೋ ಮುಂದಿನ ಮಾಡೆಲ್ 10,40,000 ಅಂತ ಹಿಡೀರಿ, ಅದಕ್ಕ 1,96,248. ಸೇಲ್ಸ್ ಹುಡುಗ "ಬರೇ ಐವತ್ತು ಸಾವಿರ ಜಾಸ್ತಿ ಸರ್" ಅಂತಾನ, ನಿಮ್ಮ ಜೇಬಿನಿಂದ ಹೋಗೋದು 92,402. ಅದನ್ನ ಏಳು ವರ್ಷದ ಲೋನಿಗೆ ಹಾಕಿದ್ರ ಬಡ್ಡಿ ಬೇರೆ. ಅಷ್ಟು ಕೊಟ್ಟು ರಾಯಚೂರಿನ ಬಿಸಲಿಗೆ ನೆತ್ತಿ ಮ್ಯಾಲ ಗಾಜು ಹಾಕ್ಸಿಕೊಳ್ಳೋದು! ಅದನ್ನ ತಗದು ಮಕ್ಕಳನ್ನ ನಿಲ್ಲಿಸಿ ಹೋಗೋರನ್ನ ಹೊಸಪೇಟೆ ಹೈವೇದಾಗ ನೋಡಿದಾಗ ನನ್ನ ಎದಿ ಝಲ್ ಅಂತೈತಿ. ದಯಮಾಡಿ ನಿಲ್ಲಿಸಬ್ಯಾಡ್ರಿ.

ಸ್ಪೇರ್ ಪಾರ್ಟ್ ಮಾತಿಗೆ ಬರ್ತೀನಿ ಅಂದಿದ್ನಲ್ಲ. ಮೊದ್ಲು ಹೆಡ್‌ಲೈಟ್ ಹೋದ್ರ ಬಲ್ಬ್ ತಂದು ಮನ್ಯಾಗ ಹಾಕ್ಕೊಂತಿದ್ರಿ. ಈಗ ಎಲ್‌ಇಡಿ, ಬಾಳಿಕಿ ಬರ್ತೈತಿ ಖರೆ, ಹೋದ್ರ ಎಷ್ಟೋ ಗಾಡ್ಯಾಗ ಪೂರ್ತಿ ಲೈಟನ್ನ ಬದಲಿ ಮಾಡ್ಬೇಕು. ಕನ್ನಡಿ ಒಳಗ ಕ್ಯಾಮೆರಾ, ಇಂಡಿಕೇಟರ್, ಮೋಟಾರ್, ಎತ್ತಿನ ಬಂಡಿ ತಾಗಿ ಮುರದ್ರ ಮೊದ್ಲಿನಂಗ ಗಾಜಿನ ಅಂಗಡ್ಯಾಗ ಕೊಯ್ಸಿ ಹಾಕಾಕ ಬರಂಗಿಲ್ಲ. ಎಡಾಸ್ (ಮುಂದಿನ ರಸ್ತೆ ನೋಡಿ ಡ್ರೈವರ್‌ಗೆ ಎಚ್ಚರಿಕೆ ಕೊಟ್ಟು, ಬೇಕಾದ್ರ ತಾನ ಬ್ರೇಕ್ ಹಿಡಿಯೋದು) ಇರೋ ಗಾಡ್ಯಾಗ ಮುಂದಿನ ಗಾಜಿಗೆ ಕ್ಯಾಮೆರಾ ಇರ್ತೈತಿ, ಲಾರಿ ಚಕ್ರದ ಕಲ್ಲು ಬಡದು ಗಾಜು ಬದಲಿ ಮಾಡಿದ್ರ ಆ ಕ್ಯಾಮೆರಾನ ಮತ್ತ ಸರಿ ಕೂಡಿಸಿ ಅಳತಿ ಹೊಂದಿಸ್ಬೇಕು, ಅದು ನನ್ನಂಥ ಗ್ಯಾರೇಜಿನಾಗ ಆಗಂಗಿಲ್ಲ. ನಾನೂ ಸ್ಕ್ಯಾನರ್ ತಗೊಂಡೀನಿ, ಐವತ್ತು ದಾಟಿದ ಮ್ಯಾಲ ನನ್ನ ಮಗನ ಕಡಿಂದ ಕಲ್ತೀನಿ. ಅದಕ್ಕ ಗಾಡಿ ತಗೋಳೋ ಮುಂಚೆ ಶೋರೂಮಿನಾಗ ಆ ಹುಡುಗ ತೋರಿಸೋ ಪರದೆ ನೋಡೋದು ಬಿಟ್ಟು, ಹೆಡ್‌ಲೈಟ್, ಕನ್ನಡಿ, ಮುಂದಿನ ಗಾಜು, ಬಂಪರ್, ಈ ನಾಲ್ಕರ ರೇಟು ಸರ್ವಿಸ್ ಸೆಂಟರ್‌ನಾಗ ಕೇಳಿ ಬರ್ಕೊಂಡು ಬರ್ರಿ.

ಒಬ್ರು ಚೀಟಿ ಕಳಿಸ್ಯಾರ, ಅದನ್ನ ಓದಿ ನಿಲ್ಲಿಸ್ತೀನಿ. "ನನ್ನ ಹತ್ರ ಆರು ಲಕ್ಷ ಐತಿ, ಹೊಸಾ ಸಣ್ಣ ಗಾಡಿ ತಗೊಳ್ಲೋ, ಸೆಕೆಂಡ್ ಹ್ಯಾಂಡ್ ದೊಡ್ಡದು ತಗೊಳ್ಲೋ." ವರ್ಷಕ್ಕ ಹತ್ತು ಸಾವಿರ ಕಿಲೋಮೀಟರ್ ಒಳಗ ಓಡ್ಸೋರಾದ್ರ ಹೊಸಾ ಸಣ್ಣದು ತಗೋರಿ. ಮನ್ಯಾಗ ಏಳೆಂಟು ಮಂದಿ ಇದ್ದು ದೊಡ್ಡದ ಬೇಕಂದ್ರ ಸೆಕೆಂಡ್ ಹ್ಯಾಂಡ್ ತಗೋರಿ, ಆದ್ರ 2019ರ ಜುಲೈ ಆದ ಮ್ಯಾಲ ತಯಾರಾದದ್ದು ನೋಡ್ರಿ, ಆರ್‌ಸಿದಾಗ ತಯಾರಾದ ತಿಂಗಳು ಇರ್ತೈತಿ. ನೋಡಾಕ ಹೋದಾಗ ಸಂಜಿ ಮುಂದ ಹೋಗಬ್ಯಾಡ್ರಿ, ಬಿಸಲಿದ್ದಾಗ ಹೋಗ್ರಿ, ಬಣ್ಣದ ವ್ಯತ್ಯಾಸ ಕಾಣ್ತೈತಿ. ಆಮ್ಯಾಲ ಇಂಜಿನ್ ಚಾಲೂ ಮಾಡ್ದಂಗ ಬರೇ ಕೀಲಿ ತಿರುವಿ ಮೀಟರ್ ಮ್ಯಾಲ ಏರ್‌ಬ್ಯಾಗ್ ದೀಪ ನೋಡ್ರಿ. ಅದು ಹತ್ತಬೇಕು, ನಾಲ್ಕೈದು ಸೆಕೆಂಡಿನಾಗ ತಾನ ಆರಬೇಕು. ಹತ್ತೇ ಇಲ್ಲಂದ್ರ ಎಲ್ಲ್ಯೋ ಗುದ್ದಿ ಏರ್‌ಬ್ಯಾಗ್ ಒಡದು, ಹೊಸಾದು ಹಾಕೋ ಖರ್ಚು ಉಳಿಸಾಕ ಆ ದೀಪದ ವೈರ್ ಕತ್ತರಿಸಿರಬಹುದು. ಆ ಗಾಡಿ ಎಷ್ಟ ಅಗ್ಗಕ್ಕ ಬರ್ಲಿ, ಕೀಲಿ ಅವರ ಕೈಯಾಗ ಕೊಟ್ಟು ಬಂದಬಿಡ್ರಿ.